ಜೀವ ಪರ ಜಾಥಾಕ್ಕೆ ಹೊರಡುವ ಮುನ್ನ: ವಿದ್ಯಾರ್ಥಿಗಳೂ ಮನೆಯವರೂ ತಿಳಿದಿರಬೇಕಾದದ್ದು

ಆಗಸ್ಟ್ ಹತ್ತಿರ ಬಂತೆಂದರೆ ಮೈಸೂರಿನ ಕೆಲವು ಕಥೋಲಿಕ ಮನೆಗಳಲ್ಲಿ ಹೊಸದೊಂದು ಮಾತು ಶುರುವಾಗುತ್ತದೆ. ಕಾಲೇಜಿಗೆ ಹೋಗುವ ಮಗಳು ಬಂದು, 'ಅಮ್ಮ, ನಮ್ಮ ಯೂತ್ ಗುಂಪಿನವರು ಮಾರ್ಚ್ ಫಾರ್ ಲೈಫ್‌ಗೆ ಹೊರಟಿದ್ದಾರೆ, ನಾನೂ ಹೋಗ್ಲಾ?' ಎನ್ನುತ್ತಾಳೆ. ಗರ್ಭಪಾತವನ್ನು ವಿರೋಧಿಸಿ ನಡೆಯುವ ಜೀವ ಪರ ಜಾಥಾ ಅದು. ಡೋರನಹಳ್ಳಿ ಸಂತ ಅಂತೋಣಿಯವರ ಜಾತ್ರೆಗೆ ಹೋದ ಹಾಗೋ, ಪ್ರತಿಭಟನೆಗೆ ಹೋದ ಹಾಗೋ ಅಮ್ಮನಿಗೆ ಗೊತ್ತಾಗುವುದಿಲ್ಲ. ಹಾಸ್ಟೆಲ್ಲಿನ ಗೆಳತಿ, 'ಹೆಣ್ಣುಭ್ರೂಣ ಹತ್ಯೆ ವಿರುದ್ಧ ತಾನೇ? ಹಾಗಾದ್ರೆ ನಾನೂ ಬರ್ತೀನಿ' ಎನ್ನುತ್ತಾಳೆ. ಪಕ್ಕದ ಮನೆಯವರು, 'ಗರ್ಭಪಾತಕ್ಕೆ ಸರ್ಕಾರವೇ ಅನುಮತಿ ಕೊಟ್ಟಿದೆಯಲ್ಲ, ಇವರದ್ದೇನು ತಕರಾರು?' ಎಂದು ಕೇಳುತ್ತಾರೆ.

ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಮೂರು ಬೇರೆ ಬೇರೆ ಸಂಗತಿಗಳು ಇಲ್ಲಿ ಕಲಸಿಹೋಗಿವೆ. ಕಾನೂನು ಒಪ್ಪುವ ಗರ್ಭಪಾತ ಒಂದು. ಲಿಂಗ ಪತ್ತೆ ಮಾಡಿ ಹೆಣ್ಣೆಂದು ತೆಗೆಸುವ ಅಪರಾಧ ಇನ್ನೊಂದು. ಯಾವ ಕಾರಣಕ್ಕೂ ಗರ್ಭಪಾತ ಕೂಡದೆನ್ನುವ ಕಥೋಲಿಕ ನಂಬಿಕೆ ಮತ್ತೊಂದು. ಜಾಥಾದಲ್ಲಿ ಫಲಕ ಹಿಡಿದು ನಡೆಯುವವರು ತಾವು ಈ ಮೂರರಲ್ಲಿ ಯಾವುದರ ಬಗ್ಗೆ ಮಾತಾಡುತ್ತಿದ್ದೇವೆ ಎಂದು ತಿಳಿದು ನಡೆಯಬೇಕು. ಇಂಥ ಪಯಣಗಳಿಗೆ ಮಕ್ಕಳ ಜೊತೆ ಹೋಗಿಬಂದವಳಾಗಿ ಇದು ಬಹಳ ಮುಖ್ಯ ಎಂದು ನನಗೆ ಅನ್ನಿಸಿದೆ. ಒಂದೊಂದನ್ನೇ ಬಿಡಿಸಿ ನೋಡೋಣ.

ಆಗಸ್ಟ್ 10 ಯಾಕೆ?

ಭಾರತದಲ್ಲಿ ಗರ್ಭಪಾತಕ್ಕೆ ದಾರಿ ಮಾಡಿಕೊಟ್ಟ ವೈದ್ಯಕೀಯ ಗರ್ಭಸಮಾಪ್ತಿ ಕಾಯ್ದೆಗೆ, ಅಂದರೆ ಎಲ್ಲರ ಬಾಯಲ್ಲಿರುವ ಎಂಟಿಪಿ ಕಾಯ್ದೆಗೆ, ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1971ರ ಆಗಸ್ಟ್ 10ರಂದು. ಜಾರಿಗೆ ಬಂದದ್ದು 1972ರ ಏಪ್ರಿಲ್ 1ರಿಂದ. ಆ ಅಂಕಿತದ ದಿನವನ್ನೇ ಇಟ್ಟುಕೊಂಡು 2022ರ ಆಗಸ್ಟ್ 10ರಂದು ದೆಹಲಿಯಲ್ಲಿ ಮೊದಲ ರಾಷ್ಟ್ರೀಯ ಜಾಥಾ ನಡೆಯಿತು. ಮರುವರ್ಷ ಕೇರಳದ ತ್ರಿಶೂರಿನಲ್ಲಿ ನಡೆಯಿತು. ಕಥೋಲಿಕ ಧರ್ಮಸಭೆಯ ಒಳಗಿನ ಪ್ರಾರ್ಥನಾ ಚಳವಳಿಗಳು ಇದರ ಮುಂದಾಳತ್ವ ವಹಿಸಿದ್ದವು.

ಇದರ ಮೂಲ ಅಮೆರಿಕದಲ್ಲಿದೆ. ಅಲ್ಲಿನ ಸುಪ್ರೀಂ ಕೋರ್ಟ್ 1973ರ ಜನವರಿ 22ರಂದು 'ರೋ ವರ್ಸಸ್ ವೇಡ್' ತೀರ್ಪಿನಲ್ಲಿ ಗರ್ಭಪಾತವನ್ನು ಸಂವಿಧಾನದತ್ತ ಹಕ್ಕೆಂದು ಹೇಳಿತು. ಅದಕ್ಕೆ ವರ್ಷ ತುಂಬಿದ ದಿನ ನೆಲ್ಲಿ ಗ್ರೇ ಎಂಬ ವಕೀಲೆಯ ನೇತೃತ್ವದಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ಜಾಥಾ ಹೊರಟಿತು. ಮುಂದೆ ಪ್ರತಿ ಜನವರಿಯ ಚಳಿಯಲ್ಲೂ ಅಮೆರಿಕದ ಕಥೋಲಿಕ ಶಾಲೆ ಕಾಲೇಜುಗಳಿಂದ ವಿದ್ಯಾರ್ಥಿಗಳು ಬಸ್ಸು ಕಟ್ಟಿಕೊಂಡು ಬರುವುದು ರೂಢಿಯಾಯಿತು. 2022ರ ಜೂನ್ 24ರಂದು ಅದೇ ಕೋರ್ಟು 'ಡಾಬ್ಸ್' ಪ್ರಕರಣದಲ್ಲಿ ಹಳೆಯ ತೀರ್ಪನ್ನು ರದ್ದುಪಡಿಸಿ, ತೀರ್ಮಾನವನ್ನು ಆಯಾ ರಾಜ್ಯಗಳಿಗೆ ಬಿಟ್ಟಿತು. ಭಾರತದ ಮೊದಲ ಜಾಥಾ ಹೊರಟದ್ದು ಇದಾದ ಒಂದೂವರೆ ತಿಂಗಳಿಗೆ.

ಹಾಗೆಂದು ಅಮೆರಿಕದ ವಾದಗಳನ್ನೆಲ್ಲ ಎತ್ತಿ ತಂದು ಇಲ್ಲಿ ಇಟ್ಟರೆ ಹೊಂದುವುದಿಲ್ಲ. ಅಲ್ಲಿನ ಜಗಳ ಸಂವಿಧಾನದ ಹಕ್ಕಿನ ಮೇಲೆ ನಡೆದದ್ದು. ನಮ್ಮ ಕಾಯ್ದೆ ಹುಟ್ಟಿದ ದಾರಿಯೇ ಬೇರೆ.

ನಮ್ಮ ಕಾನೂನು ಹೇಳುವುದೇನು?

'ಭಾರತದಲ್ಲಿ ಗರ್ಭಪಾತ ಮಹಿಳೆಯ ಹಕ್ಕು' ಎಂದು ಒಬ್ಬರು, 'ಅದು ಅಪರಾಧ' ಎಂದು ಇನ್ನೊಬ್ಬರು ವಾದಿಸುವುದನ್ನು ಕೇಳಿರುತ್ತೀರಿ. ಕಾಯ್ದೆಯ ಅಕ್ಷರ ಓದಿದರೆ ಇಬ್ಬರದೂ ಅರ್ಧ ಸತ್ಯ. ಗುಂಡ್ಲುಪೇಟೆ ದಾಟಿ ಬಂಡೀಪುರಕ್ಕೆ ಹೋಗುವ ರಸ್ತೆ ನೆನೆಸಿಕೊಳ್ಳಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನೊಳಗೆ ವಾಹನ ಬಿಡುವುದಿಲ್ಲ. ಆದರೆ ಆಂಬುಲೆನ್ಸ್ ಬಂದರೆ ಗೇಟು ತೆಗೆಯುತ್ತಾರೆ. ನಿಷೇಧವೂ ಇದೆ, ಅದರೊಳಗೊಂದು ವಿನಾಯಿತಿಯೂ ಇದೆ. ಗರ್ಭಪಾತದ ಕಾನೂನೂ ಹೀಗೇ ಇದೆ.

ನಿಷೇಧ ಇರುವುದು ದಂಡಸಂಹಿತೆಯಲ್ಲಿ. ಬ್ರಿಟಿಷರು 1860ರಲ್ಲಿ ತಂದ ಐಪಿಸಿಯ 312ನೇ ಕಲಂ, ತಾಯಿಯ ಜೀವ ಉಳಿಸುವುದಕ್ಕಲ್ಲದೆ ಬೇರೆ ಕಾರಣಕ್ಕೆ ಗರ್ಭ ತೆಗೆಯುವುದನ್ನು ಅಪರಾಧವೆಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಂನಲ್ಲೂ ಅದೇ ನಿಯಮ ಮುಂದುವರಿದಿದೆ. ಇದರಡಿ ಗರ್ಭ ತೆಗೆಸಿಕೊಂಡ ಮಹಿಳೆಯೂ ಆರೋಪಿಯಾಗಬಹುದು. ಆಕೆಯ ಒಪ್ಪಿಗೆ ಇಲ್ಲದೆ ಗರ್ಭ ತೆಗೆಸಿದವರಿಗೆ ಶಿಕ್ಷೆ ಇನ್ನೂ ಕಠಿಣ.

ವಿನಾಯಿತಿ ಇರುವುದು ಎಂಟಿಪಿ ಕಾಯ್ದೆಯಲ್ಲಿ. ಅರವತ್ತರ ದಶಕದಲ್ಲಿ ಕದ್ದುಮುಚ್ಚಿ ಮಾಡಿಸಿಕೊಂಡ ಗರ್ಭಪಾತಗಳಿಂದ ಹೆಂಗಸರು ಸಾಯುತ್ತಿದ್ದರು. ಅದನ್ನು ಪರಿಶೀಲಿಸಲು 1964ರಲ್ಲಿ ನೇಮಕವಾದ ಶಾಂತಿಲಾಲ್ ಶಾ ಸಮಿತಿ ಎರಡು ವರ್ಷಗಳ ನಂತರ ವರದಿ ಕೊಟ್ಟಿತು. ಆ ವರದಿಯ ಮೇಲೆ ನಿಂತ ಕಾಯ್ದೆ ಇದು. ನೋಂದಾಯಿತ ವೈದ್ಯರು ಕಾಯ್ದೆಯ ಷರತ್ತುಗಳೊಳಗೆ ಗರ್ಭಸಮಾಪ್ತಿ ಮಾಡಿದರೆ ಅದು ಅಪರಾಧವಲ್ಲ. ಷರತ್ತು ಮೀರಿದರೆ ದಂಡಸಂಹಿತೆ ಮತ್ತೆ ಎದುರು ನಿಲ್ಲುತ್ತದೆ.

ಷರತ್ತುಗಳಲ್ಲಿ ಮುಖ್ಯವಾದದ್ದು ವಾರಗಳ ಲೆಕ್ಕ. ಈ ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ಗರ್ಭ ಕಟ್ಟುವ ಹೊತ್ತಿಗೇ ಸುಮಾರು ಎರಡು ವಾರ ಲೆಕ್ಕಕ್ಕೆ ಬಂದಿರುತ್ತದೆ. 2021ರ ತಿದ್ದುಪಡಿಯ ನಂತರ ನಿಯಮ ಹೀಗಿದೆ: 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರು ವೈದ್ಯರು ಒಪ್ಪಬೇಕು, ಅದೂ ಕೆಲವರಿಗೆ ಮಾತ್ರ. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತ ವಯಸ್ಸಿನ ಹುಡುಗಿಯರು, ಬಸುರಿನ ನಡುವೆ ಗಂಡ ತೀರಿಕೊಂಡ ಅಥವಾ ವಿಚ್ಛೇದನವಾದ ಹೆಂಗಸರು, ಅಂಗವಿಕಲರು, ಮಗುವಿಗೆ ಗಂಭೀರ ದೋಷವಿದೆ ಎಂದು ಗೊತ್ತಾದವರು ಆ ಪಟ್ಟಿಯಲ್ಲಿದ್ದಾರೆ. 24 ವಾರ ದಾಟಿದರೆ, ಭ್ರೂಣದಲ್ಲಿ ತೀವ್ರ ನ್ಯೂನತೆ ಇದೆ ಎಂದು ವೈದ್ಯಕೀಯ ಮಂಡಳಿ ಹೇಳಿದರಷ್ಟೇ ಸಾಧ್ಯ. ತಾಯಿಯ ಜೀವಕ್ಕೇ ತಕ್ಷಣದ ಅಪಾಯ ಬಂದಾಗ ಮಾತ್ರ ವಾರಗಳ ಮಿತಿ ಅನ್ವಯಿಸುವುದಿಲ್ಲ.

ಮೊದಲ 20 ವಾರದಲ್ಲೂ 'ನನಗೆ ಬೇಡ' ಎಂದು ಹೇಳಿದರೆ ಕಾಯ್ದೆಯ ಪ್ರಕಾರ ಸಾಲದು. ಗರ್ಭ ಮುಂದುವರಿದರೆ ಮಹಿಳೆಯ ಜೀವಕ್ಕೆ ಇಲ್ಲವೇ ದೇಹ-ಮನಸ್ಸಿನ ಆರೋಗ್ಯಕ್ಕೆ ಗಂಭೀರ ಹಾನಿ ಇದೆ ಎಂದೋ, ಮಗುವಿಗೆ ಗಂಭೀರ ದೋಷವಿದೆ ಎಂದೋ ವೈದ್ಯರು ಪ್ರಾಮಾಣಿಕವಾಗಿ ಅಭಿಪ್ರಾಯಪಡಬೇಕು. ಆದರೆ ಗರ್ಭನಿರೋಧಕ ವಿಫಲವಾಗಿ ಬಸುರಾದರೆ ಆ ಸಂಕಟವನ್ನೇ ಮಾನಸಿಕ ಹಾನಿ ಎಂದು ಪರಿಗಣಿಸಬಹುದು. ಮೊದಲು ಈ ಅವಕಾಶ 'ವಿವಾಹಿತ ಮಹಿಳೆ ಮತ್ತು ಆಕೆಯ ಪತಿ'ಗೆ ಸೀಮಿತವಾಗಿತ್ತು. 2021ರಲ್ಲಿ ಅದು 'ಮಹಿಳೆ ಮತ್ತು ಆಕೆಯ ಸಂಗಾತಿ' ಎಂದಾಯಿತು. ಹೀಗಾಗಿ ವ್ಯವಹಾರದಲ್ಲಿ ಬಾಗಿಲು ಸಾಕಷ್ಟು ಅಗಲವಾಗಿಯೇ ಇದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, 24 ವಾರದ ಅವಕಾಶ ಅವಿವಾಹಿತೆಯರಿಗೂ ಇದೆ ಎಂದಿತು. ಮರುವರ್ಷ ಅಕ್ಟೋಬರ್‌ನಲ್ಲಿ, ಎರಡು ಮಕ್ಕಳಿದ್ದ ವಿವಾಹಿತೆಯೊಬ್ಬರು 26 ವಾರ ದಾಟಿದ ಮೇಲೆ ಕೇಳಿದಾಗ ಅದೇ ಕೋರ್ಟ್ ಒಪ್ಪಲಿಲ್ಲ.

ಒಪ್ಪಿಗೆ ಬೇಕಾದದ್ದು ಮಹಿಳೆಯದು ಮಾತ್ರ. 18 ತುಂಬಿದ್ದರೆ ಗಂಡನ ಅಥವಾ ತಂದೆಯ ಸಹಿ ಕೇಳುವಂತಿಲ್ಲ. ಆಕೆಯ ವಿವರವನ್ನು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲಾಗಬಹುದು.

ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ

ಈಗ ಎರಡನೆಯದು. ನಮ್ಮ ಭಾಗದವರಿಗೆ ತೀರಾ ಹತ್ತಿರದ್ದು.

2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಒಂದು ಜಾಲವನ್ನು ಹಿಡಿದರು. ತನಿಖೆ ಮಂಡ್ಯದ ಒಂದು ಆಲೆಮನೆಗೂ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೂ ಬಂದು ನಿಂತಿತು. ಆಲೆಮನೆ ಎಂದರೆ ನಮಗೆ ಗಾಣದ ಸದ್ದು, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು, ಅಚ್ಚಿಗೆ ಹೊಯ್ದ ಬಿಸಿ ಬೆಲ್ಲ. ಮಕ್ಕಳಿಗೆ ಅಂಗೈಯಲ್ಲಿ ಬಿಸಿ ಬೆಲ್ಲ ಕೊಟ್ಟು ಕಳಿಸುವ ಜಾಗ. ಯಾರೂ ಅನುಮಾನ ಪಡದ ಅಂಥ ಜಾಗಕ್ಕೆ ಕೈಯಲ್ಲಿ ಹಿಡಿದೊಯ್ಯುವಷ್ಟು ಚಿಕ್ಕ ಸ್ಕ್ಯಾನಿಂಗ್ ಯಂತ್ರ ತಂದು, ಬಸುರಿಯರನ್ನು ಕಾರಿನಲ್ಲಿ ಕರೆತಂದು ಭ್ರೂಣದ ಲಿಂಗ ನೋಡುತ್ತಿದ್ದರು, ಹೆಣ್ಣಾದರೆ ಗರ್ಭಪಾತಕ್ಕೆ ಕಳಿಸುತ್ತಿದ್ದರು ಎಂಬುದು ಆರೋಪ. ಸುಮಾರು 900 ಗರ್ಭಪಾತಗಳು ನಡೆದಿರಬಹುದೆಂದು ಪೊಲೀಸರು ಹೇಳಿದರು. ಪ್ರಕರಣ ಸಿಐಡಿಗೆ ಹೋಯಿತು.

ಮಂಡ್ಯದ ಅಂಕಿ ಅದಕ್ಕೂ ಹಿಂದೆಯೇ ಎಚ್ಚರಿಸಿತ್ತು. ಸಹಜವಾಗಿ 1000 ಗಂಡುಮಕ್ಕಳಿಗೆ ಸುಮಾರು 950 ಹೆಣ್ಣುಮಕ್ಕಳು ಹುಟ್ಟುತ್ತಾರೆ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಮಕ್ಕಳ ಲಿಂಗಾನುಪಾತ ಕರ್ನಾಟಕದಲ್ಲಿ 948 ಇದ್ದರೆ, ಮಂಡ್ಯ ಜಿಲ್ಲೆಯಲ್ಲಿ 939 ಇತ್ತು. ನೀರಾವರಿ ಬಂದು ಕಬ್ಬು ಭತ್ತ ಬೆಳೆದು ಕೈಯಲ್ಲಿ ಕಾಸಾಡುವ ಜಿಲ್ಲೆ ಇದು. ಜಮೀನು ಭಾಗವಾಗಬಾರದು, ವರದಕ್ಷಿಣೆ ಕೊಡಲಾಗದು, ವಂಶಕ್ಕೊಂದು ಗಂಡು ಬೇಕು ಎಂಬ ಲೆಕ್ಕಾಚಾರ ಅನುಕೂಲಸ್ಥರ ಮನೆಗಳಲ್ಲೂ ನಡೆಯುತ್ತದೆ. ಬಡತನವೊಂದನ್ನೇ ಕಾರಣವಾಗಿ ಹೇಳುವವರು ಈ ಅಂಕಿಯನ್ನು ಮತ್ತೊಮ್ಮೆ ನೋಡಬೇಕು.

ಇದಕ್ಕೆ ಅನ್ವಯಿಸುವುದು ಬೇರೆಯೇ ಕಾನೂನು. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಭ್ರೂಣಲಿಂಗ ಪತ್ತೆಯನ್ನು ಪೂರ್ತಿಯಾಗಿ ನಿಷೇಧಿಸಿದೆ. ಬಸುರಿಯ ಪ್ರತಿ ಸ್ಕ್ಯಾನಿಂಗ್‌ಗೂ ಯಾಕಾಗಿ ಮಾಡಿದ್ದು ಎಂದು 'ಎಫ್' ನಮೂನೆಯಲ್ಲಿ ಬರೆದಿಡಬೇಕು. ಸ್ಕ್ಯಾನಿಂಗ್ ಕೇಂದ್ರಗಳ ಗೋಡೆಯಲ್ಲಿ, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಇರುವುದು ಈ ಕಾಯ್ದೆಯ ಕಾರಣದಿಂದಲೇ. ಮೊದಲ ಸಲ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು. ಪತ್ತೆ ಮಾಡಿಕೊಡಿ ಎಂದು ಕೇಳಿದ ಮನೆಯವರಿಗೂ ಅಷ್ಟೇ ಶಿಕ್ಷೆ, ಜೊತೆಗೆ 50,000 ರೂಪಾಯಿವರೆಗೆ ದಂಡ. ಬಸುರಿಯನ್ನು ಮಾತ್ರ ಕಾನೂನು ಬೇರೆ ರೀತಿ ಕಾಣುತ್ತದೆ: ಗಂಡನೋ ಮನೆಯವರೋ ಆಕೆಯನ್ನು ಬಲವಂತಪಡಿಸಿದ್ದಾರೆ ಎಂದೇ ಭಾವಿಸಿ ಮುಂದುವರಿಯುತ್ತದೆ. ಅತ್ತೆ ಮನೆಯಲ್ಲಿ ಎರಡನೇ ಬಾಣಂತನಕ್ಕೆ ಮುಂಚೆಯೇ 'ಈ ಸಲವಾದರೂ' ಎಂಬ ಮಾತು ಕೇಳಿದ ಹೆಣ್ಣಿಗೆ ಆ ಬಲವಂತ ಏನೆಂದು ಗೊತ್ತು.

ಹೆಣ್ಣುಭ್ರೂಣ ಹತ್ಯೆಯನ್ನು ವಿರೋಧಿಸಲು ಕಥೋಲಿಕರೇ ಆಗಬೇಕಿಲ್ಲ, ಗರ್ಭಪಾತವನ್ನು ಪೂರ್ತಿ ವಿರೋಧಿಸಬೇಕೆಂದೂ ಇಲ್ಲ. ಎಂಟಿಪಿ ಕಾಯ್ದೆ ಬೇಕೇ ಬೇಕು ಎನ್ನುವ ಮಹಿಳಾ ಸಂಘಟನೆಗಳೂ ಇದರ ವಿರುದ್ಧ ದುಡಿದಿವೆ. ಹಾಸ್ಟೆಲ್ಲಿನ ಗೆಳತಿ ಜಾಥಾಕ್ಕೆ ಬರುತ್ತೇನೆ ಎಂದಾಗ ಈ ವ್ಯತ್ಯಾಸ ಹೇಳಿಯೇ ಕರೆದುಕೊಂಡು ಹೋಗಬೇಕು.

ಕಥೋಲಿಕ ಧರ್ಮಸಭೆಯ ನಿಲುವು

ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಸೇರಿದ ಮೈಸೂರು ಧರ್ಮಕ್ಷೇತ್ರದಲ್ಲಿ ಧರ್ಮೋಪದೇಶ ಕಲಿತ ಮಕ್ಕಳಿಗೆ ಮೂಲ ಮಾತು ಗೊತ್ತು: ಮನುಷ್ಯ ಜೀವ ಗರ್ಭಧಾರಣೆಯ ಕ್ಷಣದಿಂದ ಶುರುವಾಗುತ್ತದೆ, ಅದು ದೇವರ ಕೊಡುಗೆ, ಅದನ್ನು ಬೇಕೆಂದೇ ಕೊಲ್ಲುವ ಅಧಿಕಾರ ಯಾರಿಗೂ ಇಲ್ಲ. ಈ ಬೋಧನೆ ಹೊಸದಲ್ಲ. ಆದಿ ಕ್ರೈಸ್ತರ ಕಾಲದ ಬರಹಗಳಲ್ಲೇ ಗರ್ಭಪಾತದ ನಿಷೇಧ ಕಾಣಸಿಗುತ್ತದೆ. ಪೋಪ್ ಎರಡನೇ ಜಾನ್ ಪಾಲ್ 1995ರ ಮಾರ್ಚ್ 25ರಂದು, ದೇವದೂತ ಮರಿಯಮ್ಮನವರಿಗೆ ಮಂಗಳವಾರ್ತೆ ತಂದ ಹಬ್ಬದ ದಿನ, ಜೀವದ ವಿಷಯವಾಗಿಯೇ ಧರ್ಮಸಭೆಗೆ ದೀರ್ಘ ಪತ್ರ ಬರೆದರು. ಅದೇ ತರ್ಕ ಮರಣದಂಡನೆಗೂ ಚಾಚಿಕೊಂಡಿದೆ: 2018ರಲ್ಲಿ ಪೋಪ್ ಫ್ರಾನ್ಸಿಸ್ ಧರ್ಮೋಪದೇಶ ಗ್ರಂಥವನ್ನು ತಿದ್ದಿಸಿ, ಮರಣದಂಡನೆಯನ್ನು ಒಪ್ಪಲಾಗದು ಎಂದು ಬರೆಸಿದರು.

ಗಂಡುಭ್ರೂಣವಾಗಲಿ ಹೆಣ್ಣುಭ್ರೂಣವಾಗಲಿ, ಆರು ವಾರವಾಗಲಿ ಇಪ್ಪತ್ತು ವಾರವಾಗಲಿ, ಧರ್ಮಸಭೆಗೆ ವ್ಯತ್ಯಾಸವಿಲ್ಲ. ಅತ್ಯಾಚಾರದಿಂದ ಆದ ಬಸುರಿನಲ್ಲೂ ನಿಲುವು ಬದಲಾಗುವುದಿಲ್ಲ. ದಾರಿಯಲ್ಲಿ ಯಾರಾದರೂ ಕೇಳುವ ಅತಿ ಕಷ್ಟದ ಪ್ರಶ್ನೆ ಇದೇ. ತಪ್ಪು ಮಾಡಿದವನ ಶಿಕ್ಷೆ ಮಗುವಿಗೆ ಬೀಳಬಾರದು ಎಂಬುದು ಧರ್ಮಸಭೆಯ ಉತ್ತರ. ನೊಂದ ಹೆಣ್ಣಿನ ಮೇಲೆ ಇನ್ನೊಂದು ಭಾರ ಹೊರಿಸಬಾರದು ಎಂಬುದು ಕಾನೂನಿನ ಉತ್ತರ. ಉತ್ತರ ಹೇಳುವವರು ಹದಿನೆಂಟರ ಹರೆಯದವರಾಗಿದ್ದರೆ, ಕೇಳಿದವರು ಅದನ್ನು ಅನುಭವಿಸಿದವರೂ ಆಗಿರಬಹುದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಾಯಿ ತೆರೆಯಬೇಕು.

ತಾಯಿಯ ಜೀವಕ್ಕೆ ಅಪಾಯ ಬಂದರೆ? ಇಲ್ಲಿ ತಪ್ಪು ತಿಳಿವಳಿಕೆ ಬಹಳ. ಗರ್ಭ ಗರ್ಭಕೋಶದಲ್ಲಿ ನಿಲ್ಲದೆ ನಾಳದಲ್ಲಿ ಕಟ್ಟಿದರೆ ನಾಳ ಒಡೆದು ತಾಯಿ ಸಾಯಬಹುದು. ಹಾನಿಗೊಂಡ ನಾಳವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದನ್ನು ಕಥೋಲಿಕ ನೀತಿಬೋಧಕರು ಒಪ್ಪುತ್ತಾರೆ. ಬಸುರಿಯ ಗರ್ಭಕೋಶಕ್ಕೆ ಕ್ಯಾನ್ಸರ್ ಬಂದರೆ ಅದಕ್ಕೆ ಬೇಕಾದ ಚಿಕಿತ್ಸೆಯೂ ಹಾಗೇ. ಮಗು ಉಳಿಯದು ಎಂದು ಮೊದಲೇ ಗೊತ್ತಿದ್ದರೂ, ಉದ್ದೇಶ ರೋಗವನ್ನು ಗುಣಪಡಿಸುವುದು, ಮಗುವಿನ ಸಾವು ಅದರ ಬಯಸದ ಪರಿಣಾಮ. ಮಗುವನ್ನು ಕೊಲ್ಲುವುದನ್ನೇ ದಾರಿಯಾಗಿ ಹಿಡಿಯುವುದು ಮಾತ್ರ ಕೂಡದು ಎಂಬುದು ಇಲ್ಲಿನ ಗೆರೆ.

ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಈ ಗೆರೆ ಎಷ್ಟು ಇಕ್ಕಟ್ಟಾಗಬಹುದು ಎಂಬುದಕ್ಕೆ ಕನ್ನಡಿಗರು ಮರೆಯಬಾರದ ಹೆಸರೊಂದಿದೆ. ಬೆಳಗಾವಿಯ ಮನೆಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೆಯಲ್ಲಿ 17 ವಾರದ ಬಸುರಿನಲ್ಲಿ ಆಸ್ಪತ್ರೆ ಸೇರಿದರು. ಗರ್ಭ ಉಳಿಯದು ಎಂದು ವೈದ್ಯರಿಗೆ ಗೊತ್ತಿತ್ತು. ಆದರೆ ಭ್ರೂಣದ ಎದೆಬಡಿತ ನಿಂತಿರಲಿಲ್ಲ. ತಾಯಿಗೂ ಹುಟ್ಟಲಿರುವ ಮಗುವಿಗೂ ಬದುಕುವ ಹಕ್ಕು ಸಮ ಎಂದು 1983ರಿಂದ ಅಲ್ಲಿನ ಸಂವಿಧಾನದಲ್ಲೇ ಬರೆದಿತ್ತು. ಗರ್ಭ ತೆಗೆಯಿರೆಂದು ಸವಿತಾ ಕೇಳಿಕೊಂಡರೂ ತೆಗೆಯಲಿಲ್ಲ. ಸೋಂಕು ರಕ್ತಕ್ಕೇರಿ ಅಕ್ಟೋಬರ್ 28ರಂದು ತೀರಿಕೊಂಡರು. ಅವರಿಗೆ 31 ವರ್ಷ. ಸೋಂಕನ್ನು ಸಮಯಕ್ಕೆ ಗುರುತಿಸದ ಲೋಪವನ್ನೂ ತನಿಖೆಗಳು ಎತ್ತಿ ತೋರಿಸಿದವು. ಕಥೋಲಿಕ ಬೋಧನೆ ತಾಯಿಗೆ ಬೇಕಾದ ಚಿಕಿತ್ಸೆಯನ್ನು ತಡೆಯುವುದಿಲ್ಲ, ಸೋತದ್ದು ಚಿಕಿತ್ಸೆ ಎಂದು ಜಾಥಾದ ಪರವಿರುವವರು ಹೇಳುತ್ತಾರೆ. ವೈದ್ಯರ ಕೈ ಕಟ್ಟಿಹಾಕಿದ್ದೇ ಆ ಕಾನೂನು ಎಂದು ಎದುರಿನವರು ಹೇಳುತ್ತಾರೆ. 2018ರ ಮೇ 25ರ ಜನಮತದಲ್ಲಿ ಐರ್ಲೆಂಡಿನ ಮೂರರಲ್ಲಿ ಎರಡು ಪಾಲು ಮತದಾರರು ಆ ವಿಧಿಯನ್ನು ತೆಗೆದುಹಾಕಿದರು. ಜಾಥಾಕ್ಕೆ ಹೋಗುವವರು ಸವಿತಾ ಅವರ ಕಥೆಯನ್ನು ಪೂರ್ತಿ ಓದಿಕೊಂಡೇ ಹೋಗಬೇಕೆಂದು ನನ್ನ ಆಗ್ರಹ.

ಒಪ್ಪದವರ ವಾದ

ಗರ್ಭ ಹೊರುವ ದೇಹ ಅವಳದು, ಆದ್ದರಿಂದ ತೀರ್ಮಾನವೂ ಅವಳದೇ ಎಂಬುದು ಎದುರು ವಾದದ ತಿರುಳು. ಮಗುವನ್ನು ಹೆರುವುದೋ ಬೇಡವೋ ಎಂಬ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಬಂದ ಖಾಸಗಿತನದ ತೀರ್ಪು ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು.

ನಿಷೇಧದಿಂದ ಗರ್ಭಪಾತ ನಿಲ್ಲದು, ಕತ್ತಲಿಗೆ ಸರಿಯುತ್ತದೆ ಅಷ್ಟೆ ಎಂಬುದು ಇನ್ನೊಂದು ವಾದ. 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳು ನಡೆದವೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆ ನುಂಗಿ ಆದವು. ಒಂಬತ್ತು ವಾರದೊಳಗೆ ವೈದ್ಯರ ಚೀಟಿಯ ಮೇಲೆ ಕೊಡಬೇಕಾದ ಮಾತ್ರೆ ಅದು. ಜೀವ ಪರ ನಿಲುವಿನವರು ಇದೇ ಅಂಕಿಯನ್ನು ತೋರಿಸಿ, ಇಷ್ಟೊಂದು ಜೀವಗಳು ಹೋದವಲ್ಲ ಎಂದು ಕೇಳುತ್ತಾರೆ. ಅಂಕಿ ಒಂದೇ, ಓದು ಎರಡು.

ಬಸ್ಸು ಹತ್ತುವ ಮುನ್ನ

ಶಾಂತಿಯುತವಾಗಿ, ಆಯುಧವಿಲ್ಲದೆ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಆದರೆ ರಸ್ತೆಯಲ್ಲಿ ಮೆರವಣಿಗೆ ಹೊರಡಲು ಪೊಲೀಸರ ಅನುಮತಿ ಬೇಕು. ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಬಿಟ್ಟರೆ ಬೇರೆ ಜಾಗವಿಲ್ಲ. ಅನುಮತಿ ಪತ್ರ ಯಾರ ಹೆಸರಿನಲ್ಲಿದೆ, ಎಷ್ಟು ಹೊತ್ತಿನವರೆಗೆ ಎಂದು ಕರೆದೊಯ್ಯುವ ಫಾದರ್ ಅಥವಾ ಸಿಸ್ಟರ್ ಅವರನ್ನು ಕೇಳಲು ಪೋಷಕರು ಹಿಂಜರಿಯಬೇಕಿಲ್ಲ. ಪಿಯು ಮಕ್ಕಳಿದ್ದರೆ ಮನೆಯವರ ಲಿಖಿತ ಒಪ್ಪಿಗೆ ಇರಲಿ. ಕೇರಳದ ಕಡೆ ಹೊರಟರೆ, ಬಾಡಿಗೆ ಬಸ್ಸು ರಾತ್ರಿ ಒಂಬತ್ತರೊಳಗೆ ಬಂಡೀಪುರ ದಾಟುವಂತೆ ಹೊರಡಬೇಕು. ಇಲ್ಲವಾದರೆ ಗೇಟಿನ ಮುಂದೆ ಬೆಳಗಾಗುತ್ತದೆ.

ಜಾಥಾ ಸಾಮಾನ್ಯವಾಗಿ ಪೂಜೆಯಿಂದ ಶುರುವಾಗುತ್ತದೆ. ದಾರಿಯುದ್ದಕ್ಕೂ ಜಪಸರ, ಹಾಡು, ಕೊನೆಯಲ್ಲಿ ಭಾಷಣ. ರಕ್ತಸಿಕ್ತ ಚಿತ್ರದ ಫಲಕ ಹಿಡಿಯಬೇಡಿ. ಗರ್ಭಪಾತವಾದ ಹೆಣ್ಣು ಆ ರಸ್ತೆಯ ಬದಿಯಲ್ಲಿ ನಿಂತಿರಬಹುದು, ನಿಮ್ಮ ಪಕ್ಕದ ಸೀಟಿನಲ್ಲೇ ಕೂತಿರಬಹುದು. ಹಾಜರಾತಿಗೆಂದೋ ಊರು ನೋಡಲೆಂದೋ ಯಾರನ್ನೂ ಎಳೆದುಕೊಂಡು ಹೋಗುವ ಕಾರ್ಯಕ್ರಮ ಇದಲ್ಲ. ಬರಲೊಲ್ಲೆ ಎಂದವಳಿಂದ ಕಾರಣ ಕೇಳಲೂ ಬಾರದು.

ಧರ್ಮಸಭೆಯ ಕಾನೂನಿನಲ್ಲಿ ಗರ್ಭಪಾತಕ್ಕೆ ಬಹಿಷ್ಕಾರದ ಶಿಕ್ಷೆ ಇದೆ ಎಂದು ಕೇಳಿ ಹೆದರಿ, ವರ್ಷಗಟ್ಟಲೆ ಚರ್ಚಿನ ಮೆಟ್ಟಿಲು ಹತ್ತದವರಿದ್ದಾರೆ. ಅವರಿಗೆ ತಿಳಿಯಬೇಕಾದದ್ದು: 2016ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್, ಪಾಪನಿವೇದನೆಯಲ್ಲಿ ಇದನ್ನು ಕ್ಷಮಿಸುವ ಅಧಿಕಾರವನ್ನು ಎಲ್ಲ ಗುರುಗಳಿಗೂ ಶಾಶ್ವತವಾಗಿ ಕೊಟ್ಟರು. ಬಿಷಪ್‌ರ ಬಳಿ ಹೋಗಬೇಕಿಲ್ಲ, ನಿಮ್ಮ ಊರಿನ ಫಾದರ್ ಸಾಕು. ಜಾನ್ ಪಾಲ್ ಅವರ 1995ರ ಪತ್ರದಲ್ಲೂ ಗರ್ಭಪಾತ ಮಾಡಿಸಿಕೊಂಡ ಮಹಿಳೆಯರಿಗೆಂದೇ ಬರೆದ ಭಾಗವಿದೆ. ಭರವಸೆ ಕಳೆದುಕೊಳ್ಳಬೇಡಿ ಎಂಬುದೇ ಅದರ ಸಾರ.

ಬಸುರಾಗಿ, ಮಗುವನ್ನು ಹೆರಲು ಮನಸ್ಸಿದ್ದೂ ಸಾಕಲು ದಾರಿ ಕಾಣದ ಹುಡುಗಿ ನಿಮ್ಮ ಕಾಲೇಜಿನಲ್ಲೇ ಇದ್ದರೆ, ಫಲಕಕ್ಕಿಂತ ಅವಳಿಗೆ ಬೇಕಾದದ್ದು ಮಾಹಿತಿ. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಇದೆ. ಅವಳಿಗಿನ್ನೂ 18 ತುಂಬಿಲ್ಲವಾದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಹೆತ್ತ ಮಗುವನ್ನು ಸಮಿತಿಯ ಮುಂದೆ ಕಾನೂನುಬದ್ಧವಾಗಿ ಒಪ್ಪಿಸಿದರೆ ಅದು ಅಪರಾಧವಲ್ಲ. ಒಪ್ಪಿಸಿದ ಮೇಲೂ ಮನಸ್ಸು ಬದಲಿಸಿ ಮಗುವನ್ನು ವಾಪಸ್ ಪಡೆಯಲು ತಾಯಿಗೆ ಎರಡು ತಿಂಗಳ ಕಾಲಾವಕಾಶ ಇರುತ್ತದೆ. ಅದು ಕಳೆದ ಮೇಲಷ್ಟೇ ಮಗು ದತ್ತು ಹೋಗುವ ಪ್ರಕ್ರಿಯೆ ಶುರುವಾಗುತ್ತದೆ.